ಆರು ಹಳ್ಳಿ ಸೇರಿ ಒಂದು ಕೊಮ್ಯೂನ್

ಪ್ಯಾರಿಸ್‌ನಿಂದ ನೈಋತ್ಯಕ್ಕೆ ನೂರೈವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಪೆರ್ಶ್ ಎಂಬ ಸೀಮೆ ಇದೆ. ಸಣ್ಣ ಗುಡ್ಡಗಳು, ಹೊಲಗಳ ಸುತ್ತ ಗಿಡಗಂಟಿಗಳ ಬೇಲಿಸಾಲು, ಹುಲ್ಲುಗಾವಲು. ಪೆರ್ಶರಾನ್ ಎಂಬ ಭಾರಿ ಮೈಕಟ್ಟಿನ ಕುದುರೆ ತಳಿಯ ತವರು ಇದು. ಆಡಳಿತದ ಲೆಕ್ಕದಲ್ಲಿ ಇದರ ಒಂದು ಭಾಗ ನಾರ್ಮಂಡಿ ಪ್ರಾಂತ್ಯದ ಓರ್ನ್ ಜಿಲ್ಲೆಗೆ ಸೇರುತ್ತದೆ. 2016ರ ಜನವರಿ 1ರಂದು ಇಲ್ಲಿನ ಆರು ಹಳ್ಳಿಗಳು ಕೂಡಿ ಪೆರ್ಶ್ ಆಂ ನೋಸೆ ಎಂಬ ಒಂದೇ ಕೊಮ್ಯೂನ್ ಆದವು. ನೋಸೆ, ದಾನ್ಸೆ, ಪ್ರೆಯೊ-ದ್ಯು-ಪೆರ್ಶ್, ಕೊಲೊನಾರ್-ಕೊರ್ಯುಬೇರ್, ಸ್ಯಾಂ-ಜಾಂ-ದ-ಲಾ-ಫೊರೆ, ಸ್ಯಾಂತೊಬ್ಯಾಂ-ದೆ-ಗ್ರುವಾ: ಇವೇ ಆ ಆರು. ಎಲ್ಲ ಸೇರಿದರೂ ಜನಸಂಖ್ಯೆ ಎರಡು ಸಾವಿರದ ಆಸುಪಾಸು. ಕೊನೆಯ ಹಳ್ಳಿಯಲ್ಲಂತೂ ನೂರು ಜನವೂ ಇಲ್ಲ.

ನೂರು ಜನರಿಲ್ಲದ ಆ ಊರಿಗೂ 2015ರ ಕೊನೆಯ ದಿನದವರೆಗೆ ತನ್ನದೇ ಮೇಯರ್, ತನ್ನದೇ ಮಂಡಳಿ, ತನ್ನದೇ ಬಜೆಟ್, ತನ್ನದೇ ತೆರಿಗೆ ದರ ಇತ್ತು. ಕೊಮ್ಯೂನ್ ಎಂದರೆ ಫ್ರಾನ್ಸಿನ ಆಡಳಿತದ ಬುಡದ ಘಟಕ. 1789ರ ಡಿಸೆಂಬರ್ 14ರ ಕಾನೂನು ಇದಕ್ಕೆ ರೂಪ ಕೊಟ್ಟಿತು. ಚರ್ಚಿನ ಹಳೆಯ ಪ್ಯಾರಿಷ್‌ಗಳ ಗಡಿಗಳೇ ಬಹುಮಟ್ಟಿಗೆ ಕೊಮ್ಯೂನ್ ಗಡಿಗಳಾದವು. ಲಿಯೋನ್ ನಗರವೂ ಒಂದು ಕೊಮ್ಯೂನೇ, ಸ್ಯಾಂತೊಬ್ಯಾಂ ಕೂಡ ಆಗ ಒಂದು ಕೊಮ್ಯೂನೇ. 2015ರ ಜನವರಿಯಲ್ಲಿ ದೇಶದಲ್ಲಿ ಇಂಥವು 36,658 ಇದ್ದವು. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಐನೂರು ಜನರೂ ಇರಲಿಲ್ಲ.

ನಮ್ಮ ಕಡೆಯ ಲೆಕ್ಕದೊಂದಿಗೆ ಇಟ್ಟು ನೋಡಿ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ ಒಂದು ಗ್ರಾಮ ಪಂಚಾಯಿತಿಗೆ ಐದರಿಂದ ಏಳು ಸಾವಿರ ಜನಸಂಖ್ಯೆ ಇರಲಿ ಎನ್ನುತ್ತದೆ. ಮಲೆನಾಡು, ಕರಾವಳಿ ಜಿಲ್ಲೆಗಳಿಗೆ ಎರಡೂವರೆ ಸಾವಿರ ಸಾಕು ಎಂಬ ವಿನಾಯಿತಿ ಇದೆ. ಅಂದರೆ ಹಲವು ಹಳ್ಳಿ ಒಂದೇ ಕಚೇರಿಯ ಕೆಳಗಿರುವುದು ನಮಗೆ ಮೊದಲಿನಿಂದಲೂ ಸಹಜ. ಫ್ರಾನ್ಸಿನಲ್ಲಿ ಅದು ಜಗಳದ ವಿಷಯ.

ಎಷ್ಟರ ಮಟ್ಟಿಗೆ ಅಂತೀರಾ? ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ವೆರ್ದೆಂ ಸುತ್ತ, ಮ್ಯೂಸ್ ಜಿಲ್ಲೆಯಲ್ಲಿ, ಆರು ಕೊಮ್ಯೂನ್‌ಗಳಿವೆ. ಮೊದಲ ಮಹಾಯುದ್ಧದ ಫಿರಂಗಿ ದಾಳಿಯಲ್ಲಿ ನೆಲಸಮವಾದ ಊರುಗಳವು. ಜನಸಂಖ್ಯೆ ಸೊನ್ನೆ. ಮತದಾರರೇ ಇಲ್ಲದ್ದರಿಂದ ಜಿಲ್ಲೆಯ ಪ್ರಿಫೆಕ್ಟ್, ಅಂದರೆ ಕೇಂದ್ರ ಸರ್ಕಾರ ನೇಮಿಸುವ ಜಿಲ್ಲಾಧಿಕಾರಿ, ಮೂವರ ಸಮಿತಿಯನ್ನು ನೇಮಿಸುತ್ತಾರೆ, ಅದರ ಅಧ್ಯಕ್ಷರಿಗೆ ಮೇಯರ್ ಅಧಿಕಾರ ಇರುತ್ತದೆ. ಊರು ಹೋಗಿ ನೂರು ವರ್ಷ ಕಳೆದರೂ ಕೊಮ್ಯೂನ್ ಅಳಿಸಿಲ್ಲ. ಇಂಥ ದೇಶದಲ್ಲಿ ಜೀವಂತ ಊರನ್ನು ಪಕ್ಕದ ಊರಿನೊಂದಿಗೆ ಸೇರಿಸಿ ಎಂದರೆ ಯಾರು ಒಪ್ಪುತ್ತಾರೆ?

1971ರಲ್ಲಿ ಗೃಹ ಸಚಿವ ರೇಮೊಂ ಮಾರ್ಸೆಲ್ಯಾಂ ಅವರ ಕಾನೂನು ಆ ಪ್ರಯತ್ನ ಮಾಡಿತು. ಮೂವತ್ತೇಳು ಸಾವಿರಕ್ಕೂ ಹೆಚ್ಚಿದ್ದ ಕೊಮ್ಯೂನ್‌ಗಳಲ್ಲಿ ಕರಗಿದ್ದು ಸಾವಿರದ ಚಿಲ್ಲರೆ. ಆಮೇಲೆ ಅವುಗಳಲ್ಲೂ ಅನೇಕ ಊರುಗಳು ಮತ್ತೆ ಬೇರೆಯಾದವು. ಪ್ರಿಫೆಕ್ಟ್ ಕಚೇರಿಯಲ್ಲಿ ನಕ್ಷೆ ಬರೆದು ಕೆಳಕ್ಕೆ ಕಳಿಸಿದ್ದು ಆ ಯೋಜನೆಯ ದೊಡ್ಡ ದೋಷ. 2010ರ ಡಿಸೆಂಬರ್ 16ರ ಕಾನೂನು ಅದನ್ನು ಬದಿಗಿಟ್ಟು 'ಹೊಸ ಕೊಮ್ಯೂನ್' ಎಂಬ ವ್ಯವಸ್ಥೆ ತಂದಿತು. ಮೊದಲ ನಾಲ್ಕು ವರ್ಷ ಅದನ್ನು ಕೇಳುವವರೇ ಕಡಿಮೆ. 2015ರ ಮಾರ್ಚ್ 16ರಂದು ಅದಕ್ಕೆ ತಿದ್ದುಪಡಿ ಬಂತು. ಮಂಡಿಸಿದವರು ಝಾಕ್ ಪೆಲಿಸಾರ್, ಮೇಯರುಗಳ ಸಂಘದ ಅಧ್ಯಕ್ಷರಾಗಿದ್ದವರು. ಮರು ವರ್ಷದ ಜನವರಿ 1ಕ್ಕೆ ದೇಶದ ಕೊಮ್ಯೂನ್ ಸಂಖ್ಯೆ 35,885ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ 773 ಕಡಿಮೆ.

ಏನಾಯಿತು ಆ ವರ್ಷ? ಕಾರಣ ದುಡ್ಡು, ಇದರಲ್ಲಿ ಮುಚ್ಚುಮರೆ ಬೇಡ. 2015ರಿಂದ 2017ರವರೆಗೆ ಸ್ಥಳೀಯ ಸಂಸ್ಥೆಗಳ ಅನುದಾನದಲ್ಲಿ ಒಟ್ಟು 1,100 ಕೋಟಿ ಯೂರೋ ಕಡಿತ ಮಾಡಲು ಸರ್ಕಾರ ನಿರ್ಧರಿಸಿತ್ತು. ಪೆಲಿಸಾರ್ ಕಾನೂನು ಹೇಳಿದ್ದು ಇಷ್ಟು: ಕೂಡಿಕೊಂಡ ಹಳ್ಳಿಗಳಿಗೆ ಮೂರು ವರ್ಷ ಈ ಕಡಿತ ತಾಗುವುದಿಲ್ಲ. ಹೊಸ ಕೊಮ್ಯೂನಿನ ಜನಸಂಖ್ಯೆ ಸಾವಿರದಿಂದ ಹತ್ತು ಸಾವಿರದೊಳಗಿದ್ದರೆ ಮೂಲ ಅನುದಾನದ ಮೇಲೆ ಶೇ 5 ಹೆಚ್ಚುವರಿ. ಇನ್ನೂರು ಜನರ ಹಳ್ಳಿಗೆ ಒಬ್ಬಂಟಿಯಾಗಿ ಈ ಹೆಚ್ಚುವರಿ ಸಿಗುವ ಮಾತೇ ಇರಲಿಲ್ಲ. ಆರು ಹಳ್ಳಿ ಸೇರಿ ಎರಡು ಸಾವಿರವಾದಾಗ ಸಿಗುತ್ತಿತ್ತು. ಓರ್ನ್ ಜಿಲ್ಲೆಯಲ್ಲಿ ಐನೂರಕ್ಕೂ ಹೆಚ್ಚಿದ್ದ ಕೊಮ್ಯೂನ್‌ಗಳು ಕೆಲವೇ ವರ್ಷಗಳಲ್ಲಿ ನಾನೂರರ ಕೆಳಗೆ ಬಂದದ್ದು ಹೀಗೆ. ಮೆನ್-ಎ-ಲ್ವಾರ್ ಜಿಲ್ಲೆಯಲ್ಲಂತೂ ಸಂಖ್ಯೆ ಅರ್ಧಕ್ಕೆ ಬಂತು. ನಾರ್ಮಂಡಿಯಲ್ಲೇ ಕಾಲ್ವಾದೋಸ್ ಜಿಲ್ಲೆಯ ಲಿವಾರೊ-ಪೇಯಿ-ದೋಜ್ ಎಂಬ ಕೊಮ್ಯೂನ್ 22 ಹಳ್ಳಿಗಳನ್ನು ಕೂಡಿಸಿಕೊಂಡಿದೆ.

ಈಗ ವಿಲೀನ ಹೇಗೆ ನಡೆಯುತ್ತದೆ ನೋಡೋಣ. ಎಲ್ಲ ಹಳ್ಳಿಗಳ ಮಂಡಳಿಗಳೂ ಒಂದೇ ಒಕ್ಕಣೆಯ ನಿರ್ಣಯ ಅಂಗೀಕರಿಸಿದರೆ ಕಡತ ನೇರವಾಗಿ ಪ್ರಿಫೆಕ್ಟ್ ಬಳಿ ಹೋಗುತ್ತದೆ. ಗಮನಿಸಿ, ಪ್ರತಿಯೊಬ್ಬ ಸದಸ್ಯನೂ ಒಪ್ಪಬೇಕಿಲ್ಲ. ಪ್ರತಿಯೊಂದು ಮಂಡಳಿಯಲ್ಲಿ ಬಹುಮತ ಸಾಕು. ಆಗ ಊರಿನವರ ಮತ ಕೇಳುವ ಅಗತ್ಯವೇ ಬೀಳುವುದಿಲ್ಲ. ಮೂರನೇ ಎರಡು ಭಾಗ ಮಂಡಳಿಗಳು, ಮೂರನೇ ಎರಡಕ್ಕಿಂತ ಹೆಚ್ಚು ಜನಸಂಖ್ಯೆಯನ್ನು ಪ್ರತಿನಿಧಿಸುವಂಥವು, ಒಪ್ಪಿ ಉಳಿದವು ಒಪ್ಪದಿದ್ದರೆ ಮಾತ್ರ ಜನಮತ. ಅದರ ಷರತ್ತುಗಳು ಬಿಗಿ: ಅರ್ಧಕ್ಕಿಂತ ಹೆಚ್ಚು ಮತದಾರರು ಬರಬೇಕು, ಪ್ರತಿ ಹಳ್ಳಿಯಲ್ಲೂ ಬಹುಮತ ಸಿಗಬೇಕು, ಆ ಬಹುಮತ ನೋಂದಾಯಿತ ಮತದಾರರ ಕಾಲುಭಾಗಕ್ಕೆ ಕಡಿಮೆ ಇರಬಾರದು. ಹಾಗಾಗಿ ಬುದ್ಧಿವಂತ ಮೇಯರುಗಳು ಒಪ್ಪದ ಹಳ್ಳಿಯನ್ನು ಹೊರಗಿಟ್ಟು ಉಳಿದವರೊಂದಿಗೆ ಮುಂದೆ ಹೋಗುತ್ತಾರೆ. 'ನಮ್ಮನ್ನು ಯಾರೂ ಕೇಳಲೇ ಇಲ್ಲ' ಎಂಬ ದೂರು ಹುಟ್ಟುವುದೂ ಇಲ್ಲೇ. ಕಾನೂನು ಬೇಡದಿದ್ದರೂ ಪ್ರತಿ ಹಳ್ಳಿಯಲ್ಲಿ ಒಂದು ಸಾರ್ವಜನಿಕ ಸಭೆ ಇಡದೆ ಮುಂದೆ ಹೋಗುವುದು ಮೂರ್ಖತನ ಎಂದೇ ನನ್ನ ಅಭಿಪ್ರಾಯ.

ತಾರೀಖಿನ ವಿಷಯವೂ ಮುಖ್ಯ. ಹಣಕಾಸು ವರ್ಷ ಜನವರಿ 1ಕ್ಕೆ ಶುರುವಾಗುವುದರಿಂದ ಬಹುತೇಕ ವಿಲೀನಗಳು ಅಂದೇ ಜಾರಿಯಾಗುತ್ತವೆ. ಆದರೆ ತೆರಿಗೆಯ ಮಟ್ಟಿಗೆ ಅದೇ ಜನವರಿಯಿಂದ ಜಾರಿ ಬೇಕಾದರೆ ಪ್ರಿಫೆಕ್ಟ್ ಆದೇಶ ಹಿಂದಿನ ಅಕ್ಟೋಬರ್ 1ರೊಳಗೆ ಆಗಿರಬೇಕು. ಡಿಸೆಂಬರ್‌ನಲ್ಲಿ ಅವಸರದಿಂದ ಸಹಿ ಬಿದ್ದ ವಿಲೀನದಲ್ಲಿ ಮಂಡಳಿ ಒಂದಾಗಿರುತ್ತದೆ, ತೆರಿಗೆ ಮಾತ್ರ ಇನ್ನೊಂದು ವರ್ಷ ಹಳ್ಳಿಗೊಂದರಂತೆ ನಡೆಯುತ್ತದೆ. ಲೆಕ್ಕದ ಗುಮಾಸ್ತರಿಗೆ ಆ ವರ್ಷ ಎರಡು ಪಟ್ಟು ಕೆಲಸ.

ಹೊಸ ಕೊಮ್ಯೂನ್ ಹುಟ್ಟಿದ ಕ್ಷಣ ಹಳೆಯವು ಕಾನೂನಿನ ಕಣ್ಣಲ್ಲಿ ಇಲ್ಲವಾಗುತ್ತವೆ. ನೌಕರರು, ಸಾಲ, ಗುತ್ತಿಗೆ, ಜಮೀನು ಎಲ್ಲವೂ ಹೊಸದಕ್ಕೆ ವರ್ಗ. ಸಂಸ್ಥೆಯ ನೋಂದಣಿ ಸಂಖ್ಯೆಯೂ ಹೊಸದು. ವಿದ್ಯುತ್, ದೂರವಾಣಿ, ವಿಮೆ, ಶಾಲೆಯ ಊಟದ ಗುತ್ತಿಗೆದಾರ, ಫೋಟೊಕಾಪಿ ಯಂತ್ರದ ಬಾಡಿಗೆ: ಪ್ರತಿಯೊಬ್ಬರಿಗೂ ಬಿಲ್ಲಿನ ಹೆಸರು, ಸಂಖ್ಯೆ ಬದಲಿಸಿ ಎಂದು ಬರೆಯಬೇಕು. ಬರೆಯದಿದ್ದರೆ ಹಳೆಯ ಸಂಖ್ಯೆಯ ಬಿಲ್ಲು ಖಜಾನೆಯಲ್ಲಿ ತಿರಸ್ಕೃತವಾಗುತ್ತದೆ. ಹೊಸ ಬಜೆಟ್ ಅಂಗೀಕಾರವಾಗುವವರೆಗೆ ದೈನಂದಿನ ಖರ್ಚನ್ನು ಹಿಂದಿನ ವರ್ಷದ ಮಟ್ಟಕ್ಕೆ ಮೀರದಂತೆ ಮಾಡಬಹುದು. ಹೊಸ ಕಾಮಗಾರಿಗೆ ಹಿಂದಿನ ವರ್ಷದ ಮೊತ್ತದ ಕಾಲುಭಾಗದವರೆಗೆ, ಅದೂ ಮಂಡಳಿ ಅನುಮತಿ ಕೊಟ್ಟರೆ. ಜನವರಿಯಲ್ಲಿ ಚಾವಣಿ ಸೋರಿದರೆ ಈ ಮಿತಿ ಚುರುಕು ಮುಟ್ಟಿಸುತ್ತದೆ.

ಮಂಡಳಿಯ ಕಥೆ ಇನ್ನೂ ಸ್ವಾರಸ್ಯದ್ದು. ನೂರಕ್ಕಿಂತ ಕಡಿಮೆ ಜನರಿರುವ ಹಳ್ಳಿಗೆ 7 ಸದಸ್ಯರು, 499ರವರೆಗೆ 11, 1,499ರವರೆಗೆ 15. ಈ ಅಳತೆಯಲ್ಲಿ ಆರು ಹಳ್ಳಿಗಳನ್ನು ಕೂಡಿಸಿದರೆ ಅರವತ್ತು ದಾಟುತ್ತದೆ. ಮುಂದಿನ ಚುನಾವಣೆಯವರೆಗೆ ಎಲ್ಲರನ್ನೂ ಉಳಿಸಿಕೊಳ್ಳಬಹುದು ಎಂದು ಕಾನೂನು ಹೇಳುತ್ತದೆ, ಮಂಡಳಿಗಳೆಲ್ಲ ಒಪ್ಪಿದರೆ ಆಯಿತು. ಯಾರೂ ಕುರ್ಚಿ ಕಳೆದುಕೊಳ್ಳದ್ದರಿಂದ ವಿಲೀನಕ್ಕೆ ಮತ ಬೀಳುವುದು ಸುಲಭ. ತೊಡಕು ಆಮೇಲೆ. ಅರವತ್ತು ಚಿಲ್ಲರೆ ಜನ ಮೇಯರ್ ಕಚೇರಿಯ ಕೋಣೆಯಲ್ಲಿ ಹಿಡಿಯುವುದಿಲ್ಲ, ಸಭೆ ಊರಿನ ಸಮುದಾಯ ಭವನಕ್ಕೆ ಹೋಗುತ್ತದೆ. ಕೋರಂಗೆ ಅರ್ಧಕ್ಕಿಂತ ಹೆಚ್ಚು ಸದಸ್ಯರು ಬೇಕು. 66 ಜನರಿದ್ದರೆ 34 ಮಂದಿ ಹಾಜರಿರಬೇಕು. ಮೊದಲ ವರ್ಷ ಉತ್ಸಾಹ ಇರುತ್ತದೆ, ಮೂರನೇ ವರ್ಷ ಹುಲ್ಲು ಕೊಯ್ಲಿನ ಸಮಯದಲ್ಲಿ ಸಭೆ ಕರೆದರೆ ರೈತ ಸದಸ್ಯರು ಬರುವುದಿಲ್ಲ. ಕೋರಂ ಇಲ್ಲದೆ ಸಭೆ ಮುಂದಕ್ಕೆ ಹೋದರೆ ಕನಿಷ್ಠ ಮೂರು ದಿನ ಬಿಟ್ಟು ಮತ್ತೆ ಕರೆಯಬಹುದು, ಆಗ ಕೋರಂ ಲೆಕ್ಕ ಇಲ್ಲ. ಹೀಗೆ ಎರಡನೇ ಸಭೆಯಲ್ಲಿ ಬೆರಳೆಣಿಕೆಯ ಜನ ದೊಡ್ಡ ನಿರ್ಧಾರ ಮಾಡಿ ಹೋಗುವ ಅಪಾಯ ಇದೆ.

2020ರ ಚುನಾವಣೆಯಿಂದ ಲೆಕ್ಕ ಬದಲಾಯಿತು. ಎರಡು ಸಾವಿರ ಜನರ ಮಾಮೂಲಿ ಕೊಮ್ಯೂನಿಗೆ 19 ಸದಸ್ಯರು. ಹೊಸ ಕೊಮ್ಯೂನಿಗೆ ಮೊದಲ ಬಾರಿ ಒಂದು ಮೆಟ್ಟಿಲು ಮೇಲಿನ ಸಂಖ್ಯೆ, ಅಂದರೆ 23. ಅರವತ್ತರಿಂದ ಇಪ್ಪತ್ತಮೂರಕ್ಕೆ ಇಳಿದಾಗ ಯಾವ ಹಳ್ಳಿಗೆ ಎಷ್ಟು? ಕಾನೂನು ಯಾವ ಹಳ್ಳಿಗೂ ಸ್ಥಾನ ಮೀಸಲಿಟ್ಟಿಲ್ಲ. ಇನ್ನೊಂದು ಬದಲಾವಣೆಯೂ ಜೊತೆಗೇ ಬಂತು. ಸಾವಿರದೊಳಗಿನ ಕೊಮ್ಯೂನ್‌ಗಳಲ್ಲಿ ಆಗ ಮತದಾರರು ಹೆಸರು ನೋಡಿ ಮತ ಹಾಕುತ್ತಿದ್ದರು. ಬೇಡದವರ ಹೆಸರು ಹೊಡೆದುಹಾಕಿ ಬೇರೆ ಹೆಸರು ಬರೆಯಬಹುದಿತ್ತು. ಸಾವಿರ ದಾಟಿದ ಕೂಡಲೇ ಪಟ್ಟಿ ಪದ್ಧತಿ: ಹೆಣ್ಣು-ಗಂಡು ಒಬ್ಬರ ನಂತರ ಒಬ್ಬರು ಇರುವ ಪಟ್ಟಿಗೆ ಇಡಿಯಾಗಿ ಮತ, ಒಂದು ಹೆಸರು ಹೊಡೆದರೂ ಮತಪತ್ರ ಅಸಿಂಧು. ಮೊದಲ ಚುನಾವಣೆಯಲ್ಲಿ ಹಳೆಯ ಅಭ್ಯಾಸದಂತೆ ಗೀಟು ಎಳೆದು ಮತ ಕಳೆದುಕೊಳ್ಳುವುದು ಇಂಥ ಊರುಗಳ ಮಾಮೂಲಿ ಸಮಸ್ಯೆ. 2025ರ ಮೇ ತಿಂಗಳ ಕಾನೂನು ಪಟ್ಟಿ ಪದ್ಧತಿಯನ್ನು ಎಲ್ಲ ಸಣ್ಣ ಕೊಮ್ಯೂನ್‌ಗಳಿಗೂ ತಂದಿರುವುದರಿಂದ ಈಗ ಆ ವ್ಯತ್ಯಾಸ ಇಲ್ಲ.

ಹಾಗಾದರೆ ಹಳ್ಳಿ ಪೂರ್ತಿ ಮಾಯವೇ? ಇಲ್ಲ. ಬೇಡ ಎಂದು ಮಂಡಳಿಗಳು ಮೊದಲೇ ನಿರ್ಧರಿಸದಿದ್ದರೆ ಪ್ರತಿ ಹಳೆಯ ಕೊಮ್ಯೂನೂ 'ಕೊಮ್ಯೂನ್ ದೆಲೆಗೇ' ಆಗಿ ಉಳಿಯುತ್ತದೆ. ಅದಕ್ಕೊಬ್ಬ ಮೇಯರ್ ಇರುತ್ತಾರೆ, ಹಳ್ಳಿ ಮೇಯರ್ ಎಂದು ಕರೆಯೋಣ. ಹಳೆಯ ಕಚೇರಿ ಶಾಖೆಯಾಗಿ ಉಳಿಯುತ್ತದೆ. ಜನನ, ಮದುವೆ, ಮರಣದ ದಾಖಲೆ ಅಲ್ಲೇ ಬರೆಯಬಹುದು. ಮದುವೆಗೆ ತ್ರಿವರ್ಣದ ಪಟ್ಟಿ ಹಾಕಿಕೊಂಡು ಹಳ್ಳಿ ಮೇಯರೇ ನಿಲ್ಲಬಹುದು. ಅವರಿಗೆ ಸ್ವಂತ ಬಜೆಟ್ ಇಲ್ಲ, ತೆರಿಗೆ ಅಧಿಕಾರ ಇಲ್ಲ. ಮೊದಲ ಚುನಾವಣೆಯವರೆಗೆ ಹಳೆಯ ಮೇಯರೇ ಆ ಸ್ಥಾನದಲ್ಲಿ ಮುಂದುವರಿಯುತ್ತಾರೆ. ಆಮೇಲೆ ಅವರನ್ನು ಆರಿಸುವುದು ಹೊಸ ಮಂಡಳಿ, ಆ ಹಳ್ಳಿಯ ಮತದಾರರಲ್ಲ. ಮಂಡಳಿ ಮುಂದೊಂದು ದಿನ ಈ ವ್ಯವಸ್ಥೆಯನ್ನೇ ರದ್ದು ಮಾಡಲೂಬಹುದು.

ಇದಕ್ಕೇ ವಿಲೀನದ ಮೊದಲು ಒಂದು ಒಡಂಬಡಿಕೆ ಬರೆದಿಡುತ್ತಾರೆ, 'ಶಾರ್ತ್' ಎಂದು. ಅದನ್ನು ಮುರಿದರೆ ದಂಡವಿಲ್ಲ. ಆದರೂ ಅದರ ಒಕ್ಕಣೆಯನ್ನು ನೋಡಿಯೇ ವಿಲೀನದ ಭವಿಷ್ಯ ಹೇಳಬಹುದು ಎಂದು ನಾನು ನಂಬುತ್ತೇನೆ. 'ಪ್ರತಿ ಹಳ್ಳಿಯ ಅಸ್ಮಿತೆಯನ್ನು ಗೌರವಿಸಲಾಗುವುದು' ಎಂದು ಬರೆದದ್ದು ಹಾಳೆ ತುಂಬಿಸುವ ಮಾತು. 'ಪ್ರತಿ ಶಾಖಾ ಕಚೇರಿ ವಾರಕ್ಕೆ ಇಷ್ಟು ಅರ್ಧದಿನ ತೆರೆದಿರುತ್ತದೆ, ಪ್ರತಿ ಹಳ್ಳಿಗೂ ವರ್ಷಕ್ಕೆ ಇಷ್ಟು ಯೂರೋ ಸಣ್ಣ ಕೆಲಸಕ್ಕೆ, ನವೆಂಬರ್ 11ರ ಯುದ್ಧ ಸ್ಮಾರಕದ ಕಾರ್ಯಕ್ರಮ ಆರೂ ಕಡೆ ನಡೆಯುತ್ತದೆ' ಎಂದು ಬರೆದದ್ದು ಕೆಲಸಕ್ಕೆ ಬರುತ್ತದೆ.

ವಿಳಾಸದ ವಿಷಯಕ್ಕೆ ಬರುತ್ತೇನೆ. ಕೇಳಲು ಚಿಲ್ಲರೆ ವಿಷಯ, ಜನ ಸಿಟ್ಟಾಗುವುದು ಇದಕ್ಕೇ ಜಾಸ್ತಿ. ಫ್ರಾನ್ಸಿನ ಯಾವ ಹಳ್ಳಿಗೆ ಹೋದರೂ ಚರ್ಚ್ ಬೀದಿ ಇರುತ್ತದೆ, ಕೆರೆ ದಾರಿ ಇರುತ್ತದೆ. ಆರು ಹಳ್ಳಿ ಸೇರಿದರೆ ಒಂದೇ ಕೊಮ್ಯೂನಿನಲ್ಲಿ ಒಂದೇ ಹೆಸರಿನ ಹಲವು ಬೀದಿಗಳಾಗಬಹುದು. ಪೋಸ್ಟ್‌ಮ್ಯಾನ್ ಹೇಗೋ ಗುರುತಿಸುತ್ತಾನೆ, ಆಂಬುಲೆನ್ಸ್ ಚಾಲಕನಿಗೆ ಆಗುವುದಿಲ್ಲ. ಕೆಲಸದ ಕ್ರಮ ಹೀಗೆ. ಮೊದಲು ಎಲ್ಲ ಬೀದಿ, ದಾರಿಗಳ ಪಟ್ಟಿ ಮಾಡಿ ಒಂದೇ ಹೆಸರಿನವನ್ನು ಗುರುತಿಸುವುದು. ಹೆಚ್ಚು ಮನೆ, ಅಂಗಡಿ ಇರುವ ಬೀದಿಗೆ ಹಳೆಯ ಹೆಸರು ಬಿಟ್ಟು ಉಳಿದವಕ್ಕೆ ಹೊಸ ಹೆಸರು. ಆ ಜಾಗದ ಹೊಲದ ಹೆಸರೋ, ತೊರೆಯ ಹೆಸರೋ ಆದರೆ ಜಗಳ ಕಡಿಮೆ, ವ್ಯಕ್ತಿಗಳ ಹೆಸರಿಟ್ಟರೆ ಮಂಡಳಿಯಲ್ಲಿ ರಾತ್ರಿಯಾಗುತ್ತದೆ. ದೂರದೂರ ಮನೆಗಳಿರುವ ಹಳ್ಳಿ ದಾರಿಗೆ ಮೀಟರ್ ಲೆಕ್ಕದ ಸಂಖ್ಯೆ ಕೊಡುತ್ತಾರೆ: ದಾರಿ ಶುರುವಾದಲ್ಲಿಂದ 340 ಮೀಟರಿಗೆ ಬಲಗಡೆ ಇರುವ ಮನೆಗೆ 340, ಎಡಗಡೆಯದಕ್ಕೆ 341. ನಡುವೆ ಹೊಸ ಮನೆ ಬಂದರೂ ಸಂಖ್ಯೆ ಕೆಡುವುದಿಲ್ಲ. ಮಂಡಳಿ ನಿರ್ಣಯ ಮಾಡಿ ರಾಷ್ಟ್ರೀಯ ವಿಳಾಸ ಕೋಶಕ್ಕೆ ಸೇರಿಸಬೇಕು. 2022ರ ಫೆಬ್ರವರಿ 21ರ ಕಾನೂನು ಬಂದ ಮೇಲೆ ಎರಡು ಸಾವಿರದೊಳಗಿನ ಕೊಮ್ಯೂನ್‌ಗಳಿಗೂ ಇದು ಕಡ್ಡಾಯ.

ಲಕೋಟೆಯ ಮೇಲೆ ಬರೆಯುವುದಕ್ಕೂ ಕ್ರಮ ಇದೆ. ಒಟ್ಟು ಆರು ಸಾಲು, ಸಾಲಿಗೆ 38 ಅಕ್ಷರ ಮೀರಬಾರದು. ಹಳೆಯ ಹಳ್ಳಿಯ ಹೆಸರು ಐದನೇ ಸಾಲಿನಲ್ಲಿ, ಪಿನ್‌ಕೋಡ್ ಮತ್ತು ಹೊಸ ಕೊಮ್ಯೂನಿನ ಹೆಸರು ಆರನೇ ಸಾಲಿನಲ್ಲಿ. ಅನೇಕರು ಹಳ್ಳಿಯ ಹೆಸರನ್ನೇ ಆರನೇ ಸಾಲಿನಲ್ಲಿ ಬರೆಯುವುದನ್ನು ಮುಂದುವರಿಸುತ್ತಾರೆ. ಪತ್ರವೇನೋ ತಲುಪುತ್ತದೆ, ಆನ್‌ಲೈನ್ ಅರ್ಜಿಗಳು ಮಾತ್ರ 'ಇಂಥ ಕೊಮ್ಯೂನ್ ಇಲ್ಲ' ಎಂದು ವಾಪಸ್ ಎಸೆಯುತ್ತವೆ. ಹೊಸ ಹೆಸರು ಆರಿಸುವಾಗ ಆರು ಊರಿನ ಹೆಸರನ್ನೂ ಹೆಣೆದು ಉದ್ದ ಮಾಡಬೇಡಿ ಎನ್ನುವುದಕ್ಕೆ ಈ 38 ಅಕ್ಷರವೂ ಒಂದು ಕಾರಣ. ಪೆರ್ಶ್ ಆಂ ನೋಸೆಯವರು ಸೀಮೆಯ ಹೆಸರು, ಕೇಂದ್ರದ ಹೆಸರು ಎರಡನ್ನೇ ಇಟ್ಟುಕೊಂಡದ್ದು ಜಾಣತನ. ಪೆರ್ಶ್ ಸೀಮೆಯ ಇನ್ನೊಂದು ಕೊಮ್ಯೂನ್ 'ಲೊಂಞಿ ಲೆ ವಿಲಾಜ್' ಎಂದಿಟ್ಟುಕೊಂಡಿತು, ಲೊಂಞಿ ಮತ್ತು ಅದರ ಹಳ್ಳಿಗಳು ಎಂಬಂತೆ.

ರಸ್ತೆಬದಿಯ ಕೆಲಸಗಾರರನ್ನು ಮರೆಯಬಾರದು. ಪ್ರತಿ ಹಳ್ಳಿಗೂ ಪೂರ್ಣಾವಧಿಗೋ ಅರ್ಧಾವಧಿಗೋ ಒಬ್ಬ ಕೆಲಸಗಾರ ಇರುತ್ತಿದ್ದ. ಚರಂಡಿ ಬಿಡಿಸುವುದು, ಸ್ಮಶಾನದ ಹುಲ್ಲು ಕೀಳುವುದು, ಟ್ರ್ಯಾಕ್ಟರಿಗೆ ಕೈಯಂತೆ ಚಾಚುವ ಕತ್ತರಿ ಯಂತ್ರ ಕಟ್ಟಿ ಬೇಲಿಸಾಲು ಸವರುವುದು ಅವನ ಕೆಲಸ. ವಿಲೀನದ ನಂತರ ಎಲ್ಲರನ್ನೂ ಒಂದು ತಂಡ ಮಾಡಿ ಹಳ್ಳಿಯಿಂದ ಹಳ್ಳಿಗೆ ಸರದಿ ಕಳಿಸುವುದು ಕಾಗದದ ಮೇಲೆ ಉಳಿತಾಯ. ಆದರೆ ಯಾವ ಮೋರಿ ಮೊದಲ ಮಳೆಗೇ ಕಟ್ಟಿಕೊಳ್ಳುತ್ತದೆ ಎಂದು ಗೊತ್ತಿದ್ದವನು ಆ ವಾರ ಬೇರೆ ಹಳ್ಳಿಯಲ್ಲಿರುತ್ತಾನೆ. ಚೆನ್ನಾಗಿ ನಡೆಯುವ ಕಡೆ ಒಂದು ಉಪಾಯ ಮಾಡುತ್ತಾರೆ: ಯಂತ್ರ ಎಲ್ಲರದ್ದು, ಪ್ರದೇಶ ಒಬ್ಬೊಬ್ಬರದ್ದು. ದೊಡ್ಡ ಕೆಲಸಕ್ಕೆ ಎಲ್ಲರೂ ಸೇರುತ್ತಾರೆ, ನಿತ್ಯದ ಕೆಲಸ ಅವರವರ ಹಳ್ಳಿಯಲ್ಲೇ.

ಚರ್ಚಿನ ಚಾವಣಿ ಇನ್ನೊಂದು. ಚರ್ಚು ಮತ್ತು ಸರ್ಕಾರವನ್ನು ಬೇರೆ ಮಾಡಿದ 1905ರ ಕಾನೂನಿನ ನಂತರ ಅದಕ್ಕೂ ಹಿಂದಿನ ಪ್ಯಾರಿಷ್ ಚರ್ಚುಗಳು ಕೊಮ್ಯೂನಿನ ಆಸ್ತಿ. ಆರು ಹಳ್ಳಿ ಎಂದರೆ ಆರಕ್ಕೆ ಕಡಿಮೆಯಿಲ್ಲದಷ್ಟು ಹಳೆಯ ಕಲ್ಲುಕಟ್ಟಡ, ಗಂಟೆಗೋಪುರ. ಮೊದಲು ಹಳ್ಳಿಯವರು ತಮ್ಮ ಚರ್ಚಿಗೆ ತಾವೇ ವರ್ಷಗಟ್ಟಲೆ ದುಡ್ಡು ಕೂಡಿಡುತ್ತಿದ್ದರು. ಈಗ ಎಲ್ಲವೂ ಒಂದೇ ಸರದಿಯಲ್ಲಿ. ಯಾವುದು ಮೊದಲು ಎಂಬುದನ್ನು ಮತಕ್ಕೆ ಹಾಕಿದರೆ ದೊಡ್ಡ ಹಳ್ಳಿಯೇ ಗೆಲ್ಲುತ್ತದೆ. ವಿಲೀನಕ್ಕೆ ಮೊದಲೇ ಎಲ್ಲ ಕಟ್ಟಡಗಳನ್ನೂ ಒಬ್ಬನೇ ವಾಸ್ತುತಜ್ಞನಿಂದ ನೋಡಿಸಿ, ಅಪಾಯದ ಮೇಲೆ ಕ್ರಮ ನಿಗದಿಮಾಡಿಟ್ಟರೆ ಒಳ್ಳೆಯದು.

ತೆರಿಗೆಗೆ ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ದೊಡ್ಡ ಹಳ್ಳಿಯಲ್ಲಿ ಕಟ್ಟಡ ತೆರಿಗೆ ಶೇ 36, ಸಣ್ಣ ಹಳ್ಳಿಯಲ್ಲಿ ಶೇ 24 ಇದೆ ಎನ್ನಿ. ತೆರಿಗೆ ಬೀಳುವ ಒಟ್ಟು ಮೌಲ್ಯ ಮೂರಕ್ಕೆ ಒಂದರ ಪ್ರಮಾಣದಲ್ಲಿದೆ. ಸರಾಸರಿ ಬರುವುದು 33. ಅಂದರೆ ದೊಡ್ಡ ಹಳ್ಳಿಗೆ ಮೂರು ಅಂಶ ಇಳಿಕೆ, ಸಣ್ಣದಕ್ಕೆ ಒಂಬತ್ತು ಅಂಶ ಏರಿಕೆ. ಒಂದೇ ಸಲಕ್ಕೆ ಮಾಡಿದರೆ ಸಣ್ಣ ಹಳ್ಳಿ ದಂಗೆ ಏಳುತ್ತದೆ. ಕಾನೂನು ಹನ್ನೆರಡು ವರ್ಷದವರೆಗೆ ಹಂಚಿಕೊಳ್ಳಲು ಬಿಡುತ್ತದೆ. ಆಗ ಸಣ್ಣ ಹಳ್ಳಿಯಲ್ಲಿ ವರ್ಷಕ್ಕೆ ಮುಕ್ಕಾಲು ಅಂಶ ಏರುತ್ತದೆ, ದೊಡ್ಡದರಲ್ಲಿ ಕಾಲು ಅಂಶ ಇಳಿಯುತ್ತದೆ. ಈ ಕೋಷ್ಟಕವನ್ನು ವಿಲೀನಕ್ಕೆ ಮೊದಲು ಮನೆಮನೆಗೆ ಹಂಚಿದ ಕಡೆ ತಕರಾರು ಕಡಿಮೆ. ಬಿಲ್ಲು ಬಂದ ಮೇಲೆ ವಿವರಿಸಲು ಹೋದರೆ ಯಾರೂ ಕೇಳುವುದಿಲ್ಲ.

ಇನ್ನು ಬೇಡವಾದರೆ ಹೊರಬರುವುದು ಹೇಗೆ? ಹೊಸ ಕೊಮ್ಯೂನಿನ ಕಾನೂನಿನಲ್ಲಿ ಬೇರೆಯಾಗುವ ವಿಶೇಷ ದಾರಿ ಇಲ್ಲ. ಗಡಿ ಬದಲಾವಣೆಯ ಸಾಮಾನ್ಯ ವಿಧಾನವನ್ನೇ ಹಿಡಿಯಬೇಕು: ಮಂಡಳಿಯೋ ಆ ಭಾಗದ ಮೂರನೇ ಒಂದು ಭಾಗ ಮತದಾರರೋ ಅರ್ಜಿ ಹಾಕಬೇಕು, ಸಾರ್ವಜನಿಕ ವಿಚಾರಣೆ ನಡೆಯಬೇಕು, ಬೇರೆಯಾಗುವ ಭಾಗದಿಂದ ಒಂದು ಸಮಿತಿ ಆಯ್ಕೆಯಾಗಿ ಅಭಿಪ್ರಾಯ ಕೊಡಬೇಕು. ಇಷ್ಟಾದರೂ ಕೊನೆಯ ಮಾತು ಪ್ರಿಫೆಕ್ಟರದ್ದು. ಕಾಲ್ವಾದೋಸ್‌ನ ತ್ರೊಆರ್ನ್ ಮತ್ತು ಸಾನ್ನೆರ್ವಿಲ್ ಎಂಬ ಎರಡು ಊರು 2017ರ ಜನವರಿಯಲ್ಲಿ ಸಾಲಿನ್ ಎಂಬ ಕೊಮ್ಯೂನ್ ಆಗಿದ್ದವು. ಅವು ಬಿಡಿಸಿಕೊಂಡದ್ದು ನ್ಯಾಯಾಲಯದ ಮೂಲಕ. ವಿಲೀನದ ಆದೇಶ ರದ್ದಾಗಿ 2020ರ ಜನವರಿ 1ರಂದು ಎರಡೂ ಮತ್ತೆ ಬೇರೆಬೇರೆ ಕೊಮ್ಯೂನ್‌ಗಳಾದವು.

ಬೇರೆಯಾಗುವಾಗ ಕಷ್ಟ ಕೊಡುವುದು ಕಟ್ಟಡ, ಜಮೀನಲ್ಲ, ಅವು ಇದ್ದ ಊರಿಗೇ ಹೋಗುತ್ತವೆ. ವಿಲೀನದ ನಂತರ ಒಟ್ಟಿಗೆ ಕೊಂಡ ಟ್ರ್ಯಾಕ್ಟರ್, ಒಟ್ಟಿಗೆ ಎತ್ತಿದ ಸಾಲ, ಒಟ್ಟಿಗೆ ನೇಮಿಸಿಕೊಂಡ ನೌಕರ: ಇವನ್ನು ಹಂಚುವಾಗ ಕಡತ ದಪ್ಪವಾಗುತ್ತದೆ. ವಿಲೀನದ ಹಿಂದಿನ ದಿನ, ಡಿಸೆಂಬರ್ 31ರಂದು, ಪ್ರತಿ ಹಳ್ಳಿಯ ಉಳಿತಾಯ, ಸಾಲದ ಬಾಕಿ, ಯಂತ್ರ, ಪೀಠೋಪಕರಣಗಳ ಪಟ್ಟಿಯನ್ನು ಬೇರೆಬೇರೆಯಾಗಿ ಬರೆದು ಆರೂ ಮೇಯರುಗಳು ಸಹಿ ಹಾಕಿಟ್ಟಿದ್ದರೆ ಆ ಹಂಚಿಕೆ ಅಲ್ಲಿಂದ ಶುರುವಾಗುತ್ತದೆ. ಪಟ್ಟಿ ಇಲ್ಲದಿದ್ದರೆ ಖಜಾನೆಯ ಹಳೆಯ ಲೆಕ್ಕಪತ್ರಗಳನ್ನು ಒಂದೊಂದಾಗಿ ಬಿಚ್ಚಿ ನೋಡಬೇಕಾಗುತ್ತದೆ.